ಆಧಾರವಿಲ್ಲದ ಹಾಡುಗಾರ್ತಿ

ಹಾಡು ಶುರು ಮಾಡುವಾಗ ದೊಡ್ಡಮ್ಮ ಬಲಗೈಯಿಂದ ಒಂದು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕತ್ತಿನ ನರ ಬೆರಳುದ್ದ ಉಬ್ಬುತ್ತಿತ್ತು. ಅಜ್ಜಂಪುರದ ಸುತ್ತ ಯಾರ ಮನೆಯ ಮದುವೆಯಾದರೂ ಹೆಣ್ಣಿಗೆ ಅರಿಶಿನ ಹಚ್ಚುವ ಹೊತ್ತಿಗೆ ಅವಳೇ ಬೇಕು. ಅವಳ ಸೋಬಾನೆ ಕೇಳಿ ಹೆಣ್ಣಿನ ತಾಯಿ ಅಳಲೇಬೇಕು. ಅಳದಿದ್ದರೆ, "ಇವ್ಳಿಗೆ ಮಗಳು ಹೋದ್ರೆ ಸಾಕಾಗಿದೆ ಕಣ್ರೇ" ಎಂದು ಎಲ್ಲರೆದುರೇ ಅಂದುಬಿಡುತ್ತಿದ್ದಳು.

ದೊಡ್ಡಪ್ಪ ಕಡೂರಿನ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೆ ವಿಕಿ ಹಿಡಿದರು. ಯಾರು ಬೇಕಾದರೂ ಬರೆಯಬಹುದಾದ ಆ ಅಂತರ್ಜಾಲದ ವಿಶ್ವಕೋಶಕ್ಕೆ ನಮ್ಮ ಸೀಮೆಯ ಕೆರೆ, ಶಾಸನ, ಗುಡಿಗಳ ಪುಟಗಳನ್ನೆಲ್ಲ ಬರೆದರು. ನನಗೂ ಕಲಿಸಿದರು. "ಪುಟ ಇಲ್ಲದ ಹೆಸರಿಗೆ ಕೊಂಡಿ ಕೊಟ್ರೆ ಕೆಂಪಗೆ ಕಾಣುತ್ತೆ. ಕೆಂಪು ಅಂದ್ರೆ ಬರೆಯೋ ಕೆಲಸ ಬಾಕಿ ಅಂತ" ಎನ್ನುತ್ತಿದ್ದರು.

ಸೋಬಾನೆ ಪದಗಳ ಬಗ್ಗೆ ಅವರು ಬರೆದಿದ್ದ ಪುಟದಲ್ಲಿ ಹಾಡಿದವರ ಹೆಸರೇ ಇರಲಿಲ್ಲ. ನಾನು ದೊಡ್ಡಮ್ಮನ ಹೆಸರು ಸೇರಿಸಿ ಕೊಂಡಿ ಕೊಟ್ಟೆ. ಮೊಬೈಲಿನಲ್ಲಿ ತೋರಿಸಿದೆ.

"ಅದ್ಯಾಕೆ ಕೆಂಪು?"

"ನಿನ್ನ ಬಗ್ಗೆ ಇನ್ನೂ ಯಾರೂ ಬರ್ದಿಲ್ಲ ಅಂತ. ನಾನೇ ಬರೀತೀನಿ ಬಿಡು."

"ಬ್ಯಾಡ ಕಣೇ. ಅವ್ರೇ ಬರೀಲಿ. ಮದ್ವೆ ಆದಾಗಿಂದ ಕೇಳಿದಾರಲ್ಲ."

ಒಂದು ಭಾನುವಾರ ದೊಡ್ಡಪ್ಪನ ಜೊತೆ ಕೆಲಸ ಮಾಡಿದ್ದ ಮೇಷ್ಟ್ರುಗಳು ಬಂದಿದ್ದರು. ಕಾಫಿ ಕೊಡುತ್ತಾ ದೊಡ್ಡಮ್ಮ ಕೇಳಿಯೇಬಿಟ್ಟಳು: "ಏನ್ರೀ, ನಂದೂ ಒಂದು ಪುಟ ಬರೀರಿ."

ದೊಡ್ಡಪ್ಪ ನಕ್ಕರು. "ಆಧಾರ ಬೇಕು ಕಣೇ. ಪೇಪರಲ್ಲಿ ಬಂದಿದೀಯಾ? ಪುಸ್ತಕದಲ್ಲಿದೀಯಾ? ಮದ್ವೆಮನೇಲಿ ಅರಚಿದೋರಿಗೆಲ್ಲ ಪುಟ ಬರೀತಾ ಕೂತ್ರೆ ಆಯ್ತು."

ಬಂದವರೂ ನಕ್ಕರು. ದೊಡ್ಡಪ್ಪ ಅಲ್ಲೇ ಮೊಬೈಲು ತೆಗೆದು ಅವಳ ಹೆಸರು ಅಳಿಸಿ, ಮುಖದ ಮುಂದೆ ಹಿಡಿದರು. "ನೋಡು, ಈಗ ಕೆಂಪೂ ಇಲ್ಲ."

ದೊಡ್ಡಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಅವಳು ಹಾಡಲಿಲ್ಲ. ಮದುವೆಗೆ ಕರೆಯಲು ಬಂದವರಿಗೆ "ಆಧಾರ ಸಿಗ್ಲಿ, ಬತ್ತೀನಿ" ಅನ್ನುತ್ತಿದ್ದಳು. ಅವರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ನನ್ನ ಮದುವೆಗೆ ಹಾಡೆಂದು ನನ್ನಮ್ಮ, ಅವಳ ಒಡಹುಟ್ಟಿದ ತಂಗಿ, ಕಾಲು ಹಿಡಿದಳು. ದೊಡ್ಡಮ್ಮ ಕಾಲು ಎಳೆದುಕೊಂಡಳು.

ಕೆಲವು ವರ್ಷಗಳ ಮೇಲೆ ಜನಪದ ಹಾಡು ಸಂಗ್ರಹಿಸುವವರು ರೆಕಾರ್ಡರ್ ಹಿಡಿದು ಬಂದರು. ಕರೆತಂದವರು ದೊಡ್ಡಪ್ಪನೇ. ಅಷ್ಟರಲ್ಲಿ ಅವಳ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿತ್ತು. ಹೆಚ್ಚು ದಿನವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಹಾಡೇ. ಪುಸ್ತಕದಲ್ಲಿ ಬಂದ್ರೆ ಅದೇ ಆಧಾರ. ನಾನೇ ಬರೀತೀನಿ" ಎಂದು ದೊಡ್ಡಪ್ಪ ಗೋಗರೆದರು.

ಅವಳು ಬಂದವರಿಗೆ ಕೈಮುಗಿದಳು. "ನಂಗೆ ಯಾವ ಹಾಡೂ ಬರಲ್ಲ ಕಣ್ರೀ. ಬೇಕಾದ್ರೆ ಇವ್ರನ್ನೇ ಕೇಳಿ."

ದೊಡ್ಡಪ್ಪನ ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮ ಮುಖ ತಿರುಗಿಸದೆ ಅದನ್ನು ಪೂರ್ತಿ ನೋಡಿದಳು.

ಶ್ರಾವಣದಲ್ಲಿ ತೀರಿಕೊಂಡಳು. ಶಿವಗಣಾರಾಧನೆ ಮುಗಿದ ಸಂಜೆ ದೊಡ್ಡಪ್ಪ ನನ್ನ ಪಕ್ಕ ಬಂದು ಕೂತರು. "ಅವಳ ಹಾಡು ಒಂದಾದ್ರೂ ನಿಂಗೆ ಬರುತ್ತಾ ಮಗಾ? ಬರ್ಕೋತೀನಿ."

ಚಿಕ್ಕಂದಿನಲ್ಲಿ ನನಗೆ ಜಡೆ ಹಾಕುತ್ತಾ, ತಪ್ಪಿದಾಗೆಲ್ಲ ಕೂದಲು ಜಗ್ಗುತ್ತಾ ಅವಳು ಕಲಿಸಿದ ಪದಗಳು ಇವತ್ತಿಗೂ ಬಾಯಿಗೆ ಬರುತ್ತವೆ. ಒಂದಕ್ಷರ ಮರೆತಿಲ್ಲ.

"ಇಲ್ಲ ದೊಡ್ಡಪ್ಪ" ಅಂದೆ. "ಒಂದೂ ಬರಲ್ಲ."