ಜಪಾನಿ ಕಾರ್ಟೂನು ನೋಡಿದ ಅಮಾವಾಸ್ಯೆ

ನಮ್ಮ ಮನೆಯವರು ಹುಟ್ಟಾ ಸಂಶಯದವರು. ಉದಗೀರದ ಮೋಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ದೊಡ್ಡಪ್ಪನ ಅಡತಿ ಅಂಗಡಿ. ಚೀಲದ ಬಾಯಿ ಬಿಚ್ಚಿ ತೋರಿಸಿದ ತೊಗರಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಬಿದ್ದ ಮೇಲೆಯೇ ಅವರ ಬಾಯಿಂದ ಮಾತು. ದೊಡ್ಡವ್ವ ಹಾಲಿನವನ ಎದುರಿಗೇ ಹಾಲಿಗೆ ಬೆರಳು ಅದ್ದಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವಳು. ಇಂಥವರ ಕೈಯಲ್ಲಿ ಬೆಳೆದ ನಾನು, ಯಾರಾದರೂ ನನ್ನನ್ನು ನೋಡಿ ನಕ್ಕರೆ ಯಾಕೆ ನಕ್ಕರು ಎಂದು ಮೊದಲು ಯೋಚಿಸುತ್ತೇನೆ. ಈಗಲೂ ಹಾಗೆಯೇ. ನನ್ನ ಗಂಡನಿಗೆ ಇದರಿಂದ ಸಾಕುಸಾಕಾಗಿದೆ.

ದೊಡ್ಡವ್ವ ನನ್ನ ತಾಯಿಯ ಅಕ್ಕ. ತೊಂಬತ್ತಮೂರರ ಭೂಕಂಪದ ನಸುಕಿನಲ್ಲಿ ಲೋಹಾರಾ ಕಡೆಯ ನಮ್ಮ ಹಳ್ಳಿಯ ಮನೆ ಕುಸಿದು ಅಪ್ಪ, ಅವ್ವ ಇಬ್ಬರೂ ಹೋದರು. ನಾನು ಉಳಿದೆ. ಆಗಿನ್ನೂ ನನ್ನನ್ನು ಶಾಲೆಗೆ ಹಾಕಿರಲಿಲ್ಲ. ದೊಡ್ಡಪ್ಪ, ದೊಡ್ಡವ್ವ ಉದಗೀರಕ್ಕೆ ಕರೆತಂದು ತಮ್ಮ ಮಗನ ಜೊತೆಗೇ ಸಾಕಿದರು. ಅವನನ್ನೇ ನಾನು ಅಣ್ಣ ಎನ್ನುವುದು. ಅವ್ವನದೆಂದು ಇರುವ ಫೋಟೋ ಮದುವೆಯದೊಂದೇ, ಅದರಲ್ಲೂ ಬಾಸಿಂಗದ ಎಳೆಗಳು ಮುಖ ಮುಚ್ಚಿವೆ. ಹಾಗಾಗಿ ಅವ್ವನದು ಎಂದು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ನೆನಪು. ಕಂಡದ್ದನ್ನೆಲ್ಲ ಅನುಮಾನಿಸುತ್ತಿದ್ದ ನಾನು ಅದೊಂದನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ.

ಅಮಾವಾಸ್ಯೆಗೆ ಮೋಂಢಾ ಬಂದ್ ಇರುತ್ತದೆ. ಆ ದಿನ ಅಂಗಡಿಯ ಮೇಲಿನ ಕೋಣೆಯಲ್ಲಿ ಹೋಳಿಗೆ ಊಟ ಮುಗಿಸಿ ಟಿವಿ ಮುಂದೆ ಕೂರುವುದು ನಮ್ಮ ಪದ್ಧತಿ. ನಾನು ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ಅಣ್ಣನ ಗೆಳೆಯನೊಬ್ಬನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸೀಡಿ ಬಾಡಿಗೆಗೆ ಕೊಡುವ ಅಂಗಡಿ ಇತ್ತು. ಅವನು ಮರಾಠಿಯವ, ಆದರೆ ನಮ್ಮ ಮನೆಯಲ್ಲಿ ಉಂಡು ಉಂಡು ಕನ್ನಡ ಕಲಿತಿದ್ದ. ಬಾಡಿಗೆಗೆ ಹೋಗದ ಡಿಸ್ಕುಗಳನ್ನು ಅಮಾವಾಸ್ಯೆಗೆ ನಮ್ಮ ಮನೆಗೆ ತರುತ್ತಿದ್ದ. ಅವತ್ತು ತಂದದ್ದು ಜಪಾನಿನ ಒಂದು ಪತ್ತೇದಾರಿ ಕಾರ್ಟೂನು. ಆಗಲೇ ಹತ್ತು ಹನ್ನೆರಡು ವರ್ಷ ಹಳೆಯದು.

ಕಥೆ ಮುಂದೆಂದೋ ಬರುವ ಕಾಲದ್ದು. ಆ ಊರಿನಲ್ಲಿ ಮನುಷ್ಯರ ಮಿದುಳಿಗೇ ವಯರು ಜೋಡಿಸಿರುತ್ತಾರೆ. ಪತ್ತೇದಾರಿ ಒಬ್ಬ ಹೆಣ್ಣು, ಅವಳ ಮೈಯಲ್ಲಿ ಅರ್ಧಕ್ಕರ್ಧ ಯಂತ್ರ. ಒಂದು ಕೊಲೆಗೆ ಗಡಿಯಾರ ರಿಪೇರಿ ಮಾಡುವ ಮುದುಕ ಸಾಕ್ಷಿ. ಕೊಲೆಗಾರ ಸೇತುವೆಯ ಮೇಲೆ ನಿಂತದ್ದನ್ನು ಕಣ್ಣಾರೆ ಕಂಡೆ ಎನ್ನುತ್ತಾನೆ, ನೀಲಿ ದೀಪದ ಕೆಳಗೆ ನಿಂತಿದ್ದ ಎಂದೂ ಹೇಳುತ್ತಾನೆ. ಕೊಲೆಯಾದ ದಿನ ಸೇತುವೆಗೆ ನೀಲಿ ದೀಪ ಇನ್ನೂ ಹಾಕಿರಲೇ ಇಲ್ಲ ಎಂದು ಪತ್ತೇದಾರಿ ಕಂಡುಹಿಡಿಯುತ್ತಾಳೆ. ಬೇರೆ ಯಾರದೋ, ಬೇರೆ ಯಾವತ್ತಿನದೋ ನೆನಪನ್ನು ಮುದುಕನ ತಲೆಯಲ್ಲಿ ಯಾರೋ ತುಂಬಿರುತ್ತಾರೆ.

ಮಠದಲ್ಲಿ ಸೋಮವಾರದ ಪ್ರವಚನ ಮುಗಿದ ಮೇಲೆ ಕೂತವರೆಲ್ಲ ಒಂದೊಂದು ಮಾತು ಹೇಳಲೇಬೇಕು, ಸುಮ್ಮನೆ ಪ್ರಸಾದ ತಿಂದು ಏಳುವಂತಿಲ್ಲ. ಅಣ್ಣ ಆ ಕಟ್ಟಳೆಯನ್ನು ಕಾರ್ಟೂನಿಗೂ ಹಚ್ಚಿದ್ದ.

ಮೊದಲು ದೊಡ್ಡವ್ವ. "ಆ ಪೋಲೀಸ್ ಹುಡುಗಿ ಒಮ್ಮಿಯಾದರೂ ಉಂಡಳೇನು? ಬರೇ ಓಡೂದು, ಜಿಗಿಯೂದು. ಉಣ್ಣದಾಕಿನ್ನ ನಾ ನಂಬಂಗಿಲ್ಲ," ಎಂದಳು.

"ಚಿತ್ರಾ ಎಲ್ಲಾ ಕೈಲೆ ತೆಗದಾರ, ಅದಕ್ಕ ಚಂದ ಅದ. ಈಗಿನ ಕಂಪ್ಯೂಟರಿನವು ಪ್ಲಾಸ್ಟಿಕ್ ಇದ್ದಾಂಗ ಕಾಣ್ತಾವ," ಎಂದ ಅಣ್ಣ. ಚಿತ್ರದ ಅರ್ಧ ಭಾಗ ಅವನು ಗೊರಕೆ ಹೊಡೆದಿದ್ದ. ನಾನು ಅದನ್ನು ಎಲ್ಲರ ಮುಂದೆ ಹೇಳಿದೆ.

ಗೆಳೆಯ ನೆಟ್ ಕೆಫೆಗೆ ಹೋಗಿ ಓದಿಕೊಂಡು ಬಂದಿದ್ದ. "ಅರ್ಧಾ ಮಂದಿ ಇದಕಿಂತ ಚಂದಂದು ಮತ್ತ ಆಗಿಲ್ಲ ಅಂತ ಬರದಾರ. ಅರ್ಧಾ ಮಂದಿ ಬರೇ ಮಾತು, ನಿದ್ದಿ ಬರ್ತದ ಅಂತ ಬರದಾರ."

"ಅವರು ಪೂರಾ ನೋಡ್ಯಾರ ಅಂತ ಏನ ಖಾತ್ರಿ? ಇಲ್ಲೇ ಒಬ್ಬಾಂವ ಮಲ್ಕೊಂಡು ಮತಾ ಹೇಳ್ಯಾನ," ಎಂದೆ.

ದೊಡ್ಡಪ್ಪ ಪೇಪರು ಅಡ್ಡ ಹಿಡಿದು ನೋಡದವರಂತೆ ನೋಡಿದ್ದರು. ಅಣ್ಣ ಬಿಡಲಿಲ್ಲ. ಅವರು ಪೇಪರು ಮಡಚಿ, "ಆ ಗಡಿಯಾರದಾಂವ ಸುಳ್ಳು ಹೇಳಿಲ್ಲ. ಅಂವಾ ಕಂಡದ್ದು ಖರೇ ಅದ. ಯಾರದು, ಯಾವತ್ತಿಂದು, ಅದಷ್ಟೇ ತಪ್ಪ್ಯದ," ಎಂದರು. ಅಷ್ಟು ಹೇಳಿ ಮತ್ತೆ ಪೇಪರು ಬಿಚ್ಚಿದರು.

ನನ್ನ ಸರದಿ. ನನಗೆ ಈ ಕಥೆಯೇ ಒಪ್ಪಿಗೆಯಾಗಿರಲಿಲ್ಲ. ಮಾಲು ಬದಲಿಸಬಹುದು, ತೂಕದ ಕಲ್ಲು ಬದಲಿಸಬಹುದು, ನೆನಪನ್ನು ಹೇಗೆ ಬದಲಿಸುತ್ತಾರೆ? ಜಂಬದಿಂದಲೇ ಪುರಾವೆ ಕೊಟ್ಟೆ. ಬೆಳಗಿನ ಹೊತ್ತು. ನಾನು ಅವ್ವನ ಎರಡು ಮೊಣಕಾಲ ನಡುವೆ ಕೂತಿದ್ದೇನೆ. ಅವಳು ಹಿಂದಿನಿಂದ ತಲೆ ಬಾಚುತ್ತಿದ್ದಾಳೆ, ಮುಖ ಕಾಣುವುದಿಲ್ಲ. ಎದುರಿಗೆ ತಗಡಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿದೆ. ನಾನು ಮುಖ ತಿರುವಿದರೆ ಅವ್ವ "ಹಲೂ ನಕೋ" ಎನ್ನುತ್ತಾಳೆ, ಅಲ್ಲಾಡಬೇಡ ಎಂದು. "ಇದನ್ನ ಯಾರು ನನ್ನ ತಲ್ಯಾಗ ತುಂಬ್ಯಾರ?" ಎಂದು ಕೇಳಿದೆ.

ಗೆಳೆಯ "ತಗಡು?" ಎಂದ. "ಆ ಕಡಿ ಹಳ್ಳ್ಯಾಗ ಎಲ್ಲಾ ಕಲ್ಲು, ಮಣ್ಣಿನ ಮಾಳಿಗಿ ಇದ್ದವಲ್ಲ? ತಗಡು ಬಂದದ್ದು ಭೂಕಂಪ ಆದ ಮ್ಯಾಲ, ಶೆಡ್ ಹಾಕಿದಾಗ." ಚಿತ್ರದ ಗುಂಗಿನಲ್ಲಿದ್ದ ಅವನು ನಕ್ಕು, "ನೋಡ್ರೀ, ನೀಲಿ ದೀಪ ಸಿಕ್ತು," ಎಂದ. ಆಮೇಲೆ ಇನ್ನೊಂದು ಕೇಳಿದ: "ಮತ್ತ ನಿಮ್ಮವ್ವ ನಿನ್ನ ಜೋಡಿ ಮರಾಠಿ ಮಾತಾಡ್ತಿದ್ದಳೇನು?"

ಎಷ್ಟು ಸಲ ಈ ನೆನಪನ್ನು ಮನೆಯಲ್ಲಿ ಹೇಳಿದ್ದೆನೋ. ನಮ್ಮಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ, ಬೈಗುಳಕ್ಕೊಂದು, ಲೆಕ್ಕಕ್ಕೊಂದು ಭಾಷೆ. ಅವ್ವ ಯಾವ ಭಾಷೆಯಲ್ಲಿ ಗದರಿಸಿದಳು ಎಂಬುದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಹೊರಗಿನವನೊಬ್ಬ ಕೇಳಬೇಕಾಯಿತು. ದೊಡ್ಡವ್ವ, "ಚಹಾ ಇಡ್ತೀನಿ," ಎಂದು ಎದ್ದಳು. ಚಹಾ ಕುಡಿದ ಕಪ್ಪುಗಳು ಇನ್ನೂ ನಮ್ಮ ಮುಂದೆಯೇ ಇದ್ದವು.

ಅವತ್ತಿನಿಂದ ನಾನು ದೊಡ್ಡವ್ವನ ಬೆನ್ನು ಬಿದ್ದೆ. ನೇರ ಕೇಳಿದರೆ ಅವಳು ಜಾರಿಕೊಳ್ಳುತ್ತಾಳೆ, ಅದು ನನಗೆ ಗೊತ್ತು. ಒಂದು ದಿನ ಮೆಂತ್ಯೆ ಸೋಸುತ್ತಿದ್ದಾಗ ಏನೂ ಅಲ್ಲದವಳಂತೆ, "ಅವ್ವ ಆ ಹಳ್ಳ್ಯಾಗ ಕಾಯಿಪಲ್ಯಾ ಹ್ಯಾಂಗ ತೊಗೋತಿದ್ದಳು?" ಎಂದೆ.

"ಬಟ್ಟು ತೋರ್ಸಿ ತೊಗೋತಿದ್ದಳು. ಬೀದರ ಕಡಿ ಹುಡುಗಿ, ಆಕಿಗಿ ಮರಾಠಿ ಎಲ್ಲಿ ಬರ್ತಿತ್ತು," ಎಂದು ನಕ್ಕ ದೊಡ್ಡವ್ವ ಅರ್ಧಕ್ಕೇ ನಗು ನಿಲ್ಲಿಸಿದಳು. ಸಿಕ್ಕಿಬಿದ್ದೆ ಎಂದು ಅವಳಿಗೂ ತಿಳಿಯಿತು. ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡುತ್ತ ಹೇಳಿದಳು. ನಾನೂ ಸತ್ತೆ ಎಂದೇ ಅವರು ತಿಳಿದಿದ್ದರಂತೆ. ನಾನು ಬದುಕಿದ್ದೇನೆ ಎಂಬ ಸುದ್ದಿ ಬಹಳ ತಡವಾಗಿ ಬಂತು. ಹೋಗಿ ನೋಡಿದರೆ ಪಕ್ಕದ ಮನೆಯ ಮರಾಠಿ ಹೆಂಗಸೊಬ್ಬಳ ಜೊತೆ ತಗಡಿನ ಶೆಡ್ಡಿನಲ್ಲಿದ್ದೆ. ಅಷ್ಟು ದಿನ ಆಕೆಯೇ ನನಗೆ ಉಣಿಸಿ, ತಲೆ ಬಾಚಿ ಇಟ್ಟುಕೊಂಡಿದ್ದಳು.

"ಗೊತ್ತಿದ್ದೂ ಯಾಕ ಹೇಳ್ಲಿಲ್ಲ ನನಗ?"

"ಇಲ್ಲಿ ಬಂದ ಮ್ಯಾಲ ನೀ ಒಂದ ಸವನ ಅಳ್ತಿದ್ದಿ. ಅವ್ವ ನೆನಪದಾಳ, ತಲಿ ಬಾಚ್ತಿದ್ದಳು ಅಂತ ನೀ ಹೇಳಿದ ದಿನಾ ನಿನ್ನ ಅಳು ನಿಂತಿತು. ಅದು ನಿಮ್ಮವ್ವ ಅಲ್ಲ ಅಂತ ಯಾವ ಬಾಯಿಲೆ ಹೇಳ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಊರ ಮಂದಿಯ ಚೀಲವನ್ನೆಲ್ಲ ಚುಚ್ಚಿ ನೋಡುವ ಇವರು ನನ್ನ ಚೀಲವನ್ನು ಮಾತ್ರ ಬಾಯಿ ಹೊಲಿದು ಇಟ್ಟಿದ್ದರು. ದೊಡ್ಡವ್ವನ ಜೊತೆ ಮಾತು ಬಿಟ್ಟೆ. ಆದರೂ ಮನಸ್ಸಿನೊಳಗೆ ಒಂದು ಆಸೆ ಇತ್ತು. ದೊಡ್ಡವ್ವನೇ ತಪ್ಪು ತಿಳಿದಿರಬಹುದು. ಅವ್ವ ನಾಲ್ಕು ಮರಾಠಿ ಮಾತು ಕಲಿತಿರಬಹುದು, ಯಾರ ಮನೆಯ ಮುಂದಾದರೂ ಒಂದು ತಗಡು ಇದ್ದಿರಬಹುದು. ಆ ಮರಾಠಿ ಹೆಂಗಸು ತಾನು ಬಾಚಲಿಲ್ಲ ಎಂದರೆ ಅವ್ವ ನನಗೆ ಉಳಿಯುತ್ತಾಳೆ. ಅದನ್ನು ಕೇಳಿಯೇ ಬರುತ್ತೇನೆಂದು ಹೊರಟೆ.

ಉದಗೀರದಿಂದ ನಿಲಂಗಾ, ನಿಲಂಗಾದಿಂದ ಉಮರ್ಗಾ, ಅಲ್ಲಿಂದ ಜೀಪು. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿದೆ. ನಾನು ಯಾರೆಂದು ಮೊದಲೇ ಹೇಳಬಾರದು ಎಂದುಕೊಂಡೆ. ಹೇಳಿದರೆ ಆಕೆ ನನ್ನನ್ನು ಮೆಚ್ಚಿಸಲು ಮಾತಾಡುತ್ತಾಳೆ.

ಹಳೆಯ ಊರು ಬಿಟ್ಟು ದೂರ ಕಟ್ಟಿದ ಹೊಸ ಊರು. ಒಂದೇ ಅಚ್ಚಿನ ಮನೆಗಳು, ಒಬ್ಬರೂ ಕಾಣದ ಅಗಲ ರಸ್ತೆ. ಅಣ್ಣ ದೊಡ್ಡವ್ವನಿಂದ ಕೇಳಿ ತಿಳಿಸಿದ್ದ ಹೆಸರು ಹೇಳಿ ಆಕೆಯ ಮನೆ ಕೇಳಿದರೆ, "ಹನುಮಂತ ದೇವರ ಹಿಂದಿನವರಾ?" ಎಂದರು. ಆ ಗುಡಿ ಇದ್ದದ್ದು ಹಳೆಯ ಊರಿನಲ್ಲಿ. ವಿಳಾಸ ಇನ್ನೂ ಅಲ್ಲಿಯದೇ.

ಆಕೆ ಬಾಗಿಲಲ್ಲೇ ಕೂತಿದ್ದಳು, ಹಣ್ಣಾದ ಮುದುಕಿ. ಎಲ್ಲರೂ ಆಜಿ ಎನ್ನುತ್ತಿದ್ದರು. ಉದಗೀರದ ಕಾಲೇಜಿನಿಂದ ಶೆಡ್ಡಿನ ದಿನಗಳ ಬಗ್ಗೆ ಕೇಳಲು ಬಂದಿದ್ದೇನೆ ಎಂದೆ. ಭೂಕಂಪವಾದ ಮೇಲೆ ಹಾಗೆ ಕೇಳುವವರು ಬಹಳ ಬಂದು ಹೋಗಿದ್ದರಿಂದ ಆಜಿಗೆ ಅದೇನೂ ಹೊಸದಲ್ಲ. ಸೊಸೆ ನೀರು ತಂದಿಟ್ಟು ಹೊಸ್ತಿಲ ಹತ್ತಿರ ನಿಂತಳು. ಆಜಿ, ಸೊಸೆ ಇಬ್ಬರೂ ಮಾತಾಡಿದ್ದು ಮರಾಠಿಯಲ್ಲೇ. ನನ್ನೊಳಗೆ ಅದು ನಮ್ಮ ಕನ್ನಡವಾಗಿ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

"ಶೆಡ್ಡಿನಾಗ ಯಾರ್ಯಾರು ಇದ್ದಿರಿ, ಆಜಿ?"

"ನಾ, ನನ್ನ ಮಗಾ, ಸಣ್ಣ ಮಗಳು. ಆಕಿ ಒಂದ ಗಳಿಗಿ ಸುಮ್ಮ ಕೂಡ್ತಿದ್ದಿಲ್ಲ. ದಿನಾ ಮುಂಜಾನಿ ಹಿಡದು ಕುಂಡ್ರಿಸಿ ತಲಿ ಬಾಚ್ತಿದ್ದೆ. ತಗಡಿನ ಬಿಸಿಲು ಕಣ್ಣಿಗಿ ಬಡೀತದ ಅಂತ ತಲಿ ತಿರುವ್ತಿದ್ದಳು."

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಬೇರೆ ಹುಡುಗಿ ಯಾರಾದರೂ ಇದ್ದಳೇ, ಪಕ್ಕದ ಮನೆಯದು, ಎಂದು ಕೇಳಿದೆ. ಆಜಿ ಯೋಚಿಸಿ, ಇಲ್ಲ ಎಂದಳು. "ನನ್ನ ಮಗಳಷ್ಟೇ. ಶೆಡ್ಡಿನಾಗಿಂದೇ ಹೋಗಿಬಿಟ್ಟಳು."

ಸೊಸೆ ನನ್ನನ್ನು ಕೈಸನ್ನೆಯಿಂದ ಅಂಗಳಕ್ಕೆ ಕರೆದಳು. "ಅಕ್ಕಾ, ಅದನ್ನ ಬರೀಬ್ಯಾಡ್ರಿ," ಎಂದು ಪಿಸುಗುಟ್ಟಿದಳು. "ಆಕಿ ಭೂಕಂಪದಾಗೇ ಸತ್ತಾಳ, ಶೆಡ್ಡಿಗಿ ಬಂದೇ ಇಲ್ಲ. ಶೆಡ್ಡಿನಾಗ ಬಾಜೂ ಮನಿ ಕೂಸು ಇತ್ತಂತ, ಅದನ್ನ ಅವರ ಮಂದಿ ಬಂದು ಒಯ್ದರಂತ. ಅತ್ತಿ ಅದನ್ನೂ ಇದನ್ನೂ ಕೂಡ್ಸಿ ಹೇಳ್ತಾರ."

ಆ ಕೂಸು ನಾನು ಎಂದು ನನ್ನ ನಾಲಿಗೆಯ ತುದಿಯವರೆಗೆ ಬಂತು. ನಾನು ಆಕೆಯನ್ನು ಅವ್ವ ಮಾಡಿಕೊಂಡಿದ್ದೆ, ಆಕೆ ನನ್ನನ್ನು ಮಗಳು ಮಾಡಿಕೊಂಡಿದ್ದಳು. ನಮ್ಮಿಬ್ಬರ ತಲೆಯಲ್ಲೂ ಯಾರೂ ಏನೂ ತುಂಬಿರಲಿಲ್ಲ. ಹೋದವರ ಜಾಗಕ್ಕೆ ಕೈಗೆ ಸಿಕ್ಕವರನ್ನು ನಾವೇ ತಂದು ಕೂರಿಸಿಕೊಂಡಿದ್ದೆವು.

ಒಳಗೆ ಬಂದಾಗ ಆಜಿ ನನ್ನ ಮುಖ ನೋಡುತ್ತಿದ್ದಳು. "ಆಕಿ ಏನ ಹೇಳ್ಯಾಳ ನನಗ ಗೊತ್ತದ. ಇವರೆಲ್ಲಾ ಹಾಂಗೇ ಹೇಳ್ತಾರ, ನಿನ್ನ ಮಗಳು ಶೆಡ್ಡಿಗಿ ಬಂದಿಲ್ಲ ಅಂತ. ನೀ ಕಲತಾಕಿ, ನೀನೇ ಹೇಳು. ನಾ ಬಾಚಿದ ತಲಿ ನನಗ ಗೊತ್ತಾಗಂಗಿಲ್ಲೇನು?"

ಕೇಳಲು ಬಂದದ್ದು ನಾನು, ಉತ್ತರ ಕೊಡಬೇಕಾದವಳೂ ನಾನೇ ಆದೆ. ಇಡೀ ಜನ್ಮದಲ್ಲಿ ಯಾರ ಒಂದು ಸುಳ್ಳನ್ನೂ ಹಾಗೇ ಬಿಟ್ಟವಳಲ್ಲ ನಾನು.

"ಹುಡುಗಿ ಶೆಡ್ಡಿನಾಗ ಇದ್ದಳು, ಆಜಿ," ಎಂದೆ. "ದಿನಾ ನೀವೇ ತಲಿ ಬಾಚೀರಿ."

ಆಜಿ ಕಣ್ಣು ಸಣ್ಣ ಮಾಡಿದಳು. "ನಿನಗ ಹ್ಯಾಂಗ ಗೊತ್ತು?"

"ಅಲ್ಲಿ ಇದ್ದವರೇ ಹೇಳ್ಯಾರ."

ಆಜಿ ಸೊಸೆಯ ಕಡೆಗೆ ತಿರುಗಿ, "ಕೇಳಿದಿ?" ಎಂದಳು. ಸೊಸೆ ತಲೆ ತಗ್ಗಿಸಿದಳು. ನಾನು ಊಟಕ್ಕೆ ನಿಲ್ಲಲಿಲ್ಲ.

ಉಮರ್ಗಾ ಸ್ಟ್ಯಾಂಡಿನಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತಿದ್ದಾಗ ಅಳು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯಿತು ಎಂದು ಕೇಳಿದಳು.

"ನಮ್ಮವ್ವ ಹೋದಳು," ಎಂದೆ.

"ಅಯ್ಯ ಶಿವನೆ. ಯಾವಾಗ?"

"ಇವತ್ತ," ಎಂದೆ.