ಪೀಪಾಯಿ ಮಜ್ಜಿಗೆ

ಗೆಳೆಯರೇ, ಮಸ್ಕತ್‌ನ ದಾರ್ಸೈಟ್‌ನಲ್ಲಿರುವ ನಮ್ಮ ಮನೆಯ ಮಜ್ಜಿಗೆ ಇಂದು ಮಧ್ಯಾಹ್ನ ಮುಷ್ಕರ ಹೂಡಿತು.

ಎಣ್ಣೆ ಬೆಲೆ ಬಿದ್ದು ಕೆಲಸ ಹೋದ ಸ್ನೇಹಿತನೊಬ್ಬ ಊರಿಗೆ ಹೊರಡುವಾಗ ತನ್ನ ಬಿಯರ್ ಫ್ರಿಜ್ ನನಗೆ ಕೊಟ್ಟಿದ್ದ. ಒಳಗೆ ಸ್ಟೀಲ್ ಪೀಪಾಯಿ, ಹೊರಗೆ ನಲ್ಲಿ, ಒಳಗಿನದನ್ನು ನಲ್ಲಿಗೆ ತಳ್ಳಲು ಗ್ಯಾಸ್. ನಾವು ಅದರಲ್ಲಿ ಮಜ್ಜಿಗೆ ತುಂಬಿಸುತ್ತೇವೆ. ಇಂದು ಶುಕ್ರವಾರದ ಊಟಕ್ಕೆ ನೆಂಟರು ಕೂತಾಗ ನಲ್ಲಿಯಿಂದ ಬರೀ ಹನಿ.

ಹೆಂಡತಿಯ ತಮ್ಮ ಇಲ್ಲೇ ಒಮಾನ್‌ನ ಸೂರ್ ಪಟ್ಟಣದಲ್ಲಿ ಗ್ಯಾಸ್ ಪ್ಲಾಂಟ್ ಎಂಜಿನಿಯರ್. "ಪ್ರೆಷರ್ ಸಾಲುದಿಲ್ಲ ಭಾವ" ಎಂದು ಗ್ಯಾಸ್ ಹೆಚ್ಚಿಸಿದ. "ಪೈಪ್ ಉದ್ದ ಆಯ್ತು" ಎಂದು ಕತ್ತರಿಸಿದ. ಅನ್ನ ಆರಿಹೋಯಿತು. ಕೊನೆಗೆ ನಲ್ಲಿ ಬಿಚ್ಚಿದರೆ ಒಳಗೆ ಮಡಚಿ ಕೂತ ಕರಿಬೇವಿನ ಎಲೆ, ಅದರ ಹಿಂದೆ ಸಾಸಿವೆ!

ಎಲ್ಲರೂ ನನ್ನ ಹೆಂಡತಿಯ ಕಡೆ ನೋಡಿದೆವು.

"ಎಂತ ನೋಡುದು? ನೆಂಟರಿಗೆ ಒಗ್ಗರಣೆ ಇಲ್ಲದ ಮಜ್ಜಿಗೆ ಕೊಡ್ಲಿಕ್ಕೆ ಆಗ್ತದಾ?"

ಸೋಸಿ ಮತ್ತೆ ತುಂಬಿಸಿದೆವು. ಮಜ್ಜಿಗೆ ಧಾರೆಯಾಗಿ ಇಳಿಯಿತು. "ಖಲಾಸ್, ರಿಪೇರಿ ಆಯ್ತು" ಎಂದ ಎಂಜಿನಿಯರ್, ಒಂದು ಗುಟುಕು ಕುಡಿದು, ಲೋಟ ಹಿಡಿದುಕೊಂಡು ಅಡುಗೆಮನೆಗೆ ನಡೆದ.

"ಅಕ್ಕಾ, ಇದಕ್ಕೆ ಮೇಲಿಂದ ಸ್ವಲ್ಪ ಒಗ್ಗರಣೆ ಹಾಕು."

ನಲ್ಲಿ ಈಗ ಭರ್ಜರಿಯಾಗಿ ಸುರಿಯುತ್ತಿದೆ. ನೆಂಟರ ಸಾಲು ಮಾತ್ರ ಅವಳ ಒಗ್ಗರಣೆ ಸೌಟಿನ ಮುಂದಿದೆ.