ಹಳೇ ಮೀಟರಿನಲ್ಲಿ ಉಳಿದ ನನ್ನ ಆಧಾರ್

ಬಟ್ಟೆ ಹೊಲಿದು ಬದುಕುವ ಒಬ್ಬ ಹೆಂಗಸಿಗೆ ಸಿಗಬೇಕಿದ್ದ ಉಚಿತ ಕರೆಂಟನ್ನು ಎರಡು ತಿಂಗಳು ತಪ್ಪಿಸಿದವನು ನಾನೇ.

ಶೆಟ್ಟಿಹಳ್ಳಿಯ ಬಾಡಿಗೆ ಮನೆ ಬಿಟ್ಟು ಕ್ಯಾತ್ಸಂದ್ರಕ್ಕೆ ಬಂದಿದ್ದೆ. ಹೊಸ ಮನೆಗೆ ಗೃಹಜ್ಯೋತಿ ಸಿಗದೆ ಪೂರ್ತಿ ಬಿಲ್ ಬಂತು. ಕರೆಂಟ್ ಆಫೀಸಿಗೆ ಜಗಳಕ್ಕೆಂದೇ ಹೋದೆ. "ಬಡವರ ಸವಲತ್ತು ನುಂಗ್ತೀರೇನ್ರೀ?" ಅಂತ ಕೂಗಿದೆ.

ಕೌಂಟರಿನಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿದರು. "ಸಾರ್, ನಿಮ್ಮ ಆಧಾರ್ ಇನ್ನೂ ಹಳೇ ಮನೆ ಮೀಟರಲ್ಲೇ ಇದೆ. ಈಗ ಅಲ್ಲಿರೋ ಹೊಲಿಗೆ ಅಕ್ಕ ಅರ್ಜಿ ಹಾಕೋಕಾಗ್ದೆ ಎರಡು ಸಲ ವಾಪಸ್ ಹೋದ್ರು. ನುಂಗಿದೋರು ಯಾರು, ನೀವೇ ಹೇಳಿ."

ಮೇಡಂ ಅಲ್ಲೇ ನನ್ನ ಆಧಾರನ್ನು ಹಳೇ ಮೀಟರಿನಿಂದ ತೆಗೆದು, ನನ್ನ ಹೊಸ ಮೀಟರಿಗೆ ಸೇರಿಸಿ, ಆ ಅಕ್ಕನಿಗೂ ಫೋನ್ ಮಾಡಿದರು. ಸಂಕೋಚದಿಂದಲೇ ಫೋನ್ ಇಸಕೊಂಡು ತಪ್ಪಾಯಿತು ಅಂದೆ.

"ಬುಡಣ್ಣ, ಈಗ್ಲಾದ್ರೂ ಬಂದ್ರಲ್ಲ. ಬಿಲ್ಲಿಗೆ ಹೆದ್ರಿ ಹೊಲಿಗೆ ಮಿಷನ್ನಿನ ಮೋಟರ್ ಹಾಕ್ದೆ ಕಾಲಲ್ಲೇ ತುಳೀತಿದ್ದೆ," ಅಂದಳು.

ಸರ್ಕಾರಿ ಕಚೇರಿಯಿಂದ ಕೈಮುಗಿದು ಹೊರಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಮನೆ ಖಾಲಿ ಮಾಡುವಾಗ ಕ್ಯಾಲೆಂಡರಿನ ಮೊಳೆಯನ್ನೂ ಕಿತ್ತು ತರುತ್ತೀರಿ. ಹಳೇ ಮೀಟರಿನಲ್ಲಿರುವ ನಿಮ್ಮ ಆಧಾರನ್ನೂ ಇವತ್ತೇ ಹೋಗಿ ಬಿಡಿಸಿಕೊಂಡು ಬನ್ನಿ.